ಮಳೆ ಹಿಡಿಯುವುದರೊಳಗೆ ಶೆಡ್ಡಿನ ಮಾಡು ಮುಗಿಸಲಾಗಲಿಲ್ಲ. ಕೆಲಸ ನಡೆಸುವುದನ್ನು ಎಲ್ಲಿಂದ ಕಲಿಯಲಿ?

ಪ್ರಶ್ನೆ (ಹೊಸನಗರದ ಸೈಟ್ ಇಂಜಿನಿಯರ್)

ಎಲ್ಲರಿಗೂ ನಮಸ್ಕಾರ. ಸಿವಿಲ್ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷದಿಂದ ಶಿವಮೊಗ್ಗದಲ್ಲಿ ಒಬ್ಬ ಗುತ್ತಿಗೆದಾರರ ಹತ್ತಿರ ಸೈಟ್ ನೋಡಿಕೊಳ್ಳುತ್ತಿದ್ದೇನೆ. ಕಂಬಿ ಎಣಿಸಲು, ಲೆವೆಲ್ ಹಿಡಿಯಲು ಯಾರನ್ನೂ ಕೇಳಬೇಕಿಲ್ಲ. ಆದರೆ ಕಟ್ಟುವುದು ಬೇರೆ, ಕೆಲಸ ನಡೆಸುವುದು ಬೇರೆ ಅಂತ ಈ ವರ್ಷ ಗೊತ್ತಾಯಿತು.

ನಮ್ಮೂರಿನ ಹತ್ತಿರವೇ ಒಂದು ಅಡಿಕೆ ಶೆಡ್ಡು, ಜೊತೆಗೆ ಗೋದಾಮು. ಮೊದಲ ಸಲ ಇಡೀ ಕೆಲಸ ನನ್ನ ಕೈಗೆ ಬಂತು. ಮೇ 25ಕ್ಕೆ ಶೀಟ್ ಹೊದೆಸಿ ಮುಗಿಯಬೇಕಿತ್ತು. ಪ್ರತಿ ಕೆಲಸದ ಎದುರಿಗೂ ತಾರೀಕು ಬರೆದಿಟ್ಟಿದ್ದೆ. ಏಪ್ರಿಲ್‌ನಲ್ಲಿ ಮಾಲೀಕರು ಬಂದು, ಲಾರಿ ಒಳಗೆ ತಿರುಗಬೇಕು, ಮುಂದಿನ ಕಂಬ ಎರಡಡಿ ಹೊರಗೆ ಹಾಕಿ ಅಂದರು. ಮೇಸ್ತ್ರಿಗೆ ಹೇಳಿದೆ. ಟ್ರಸ್ (ಮಾಡು ಹೊರುವ ಕಬ್ಬಿಣದ ಚೌಕಟ್ಟು) ಮಾಡುವ ವೆಲ್ಡಿಂಗ್ ಶಾಪಿನವರಿಗೆ ಹೇಳಲಿಲ್ಲ. ಮೇ 20ಕ್ಕೆ ಟ್ರಸ್ ಇಳಿಸಿದರೆ ಮುಂದಿನದು ಎರಡಡಿ ಗಿಡ್ಡ! ಅದು ವಾಪಸ್ ಹೋಗಿ ಸರಿಯಾಗಿ ಬರುವಷ್ಟರಲ್ಲಿ ಜೂನ್ 12. ಮಳೆ ಆಗಲೇ ಹಿಡಿದಿತ್ತು. ಹೊಸ ಜಂಬಿಟ್ಟಿಗೆ ಗೋಡೆಯೆಲ್ಲ ನೆನೆದು, ಗೋದಾಮಿನ ಮಣ್ಣು ತುಂಬಿದ ನೆಲ ಒಂದು ಮೂಲೆಯಲ್ಲಿ ಕುಸಿಯಿತು. ಮಾಲೀಕರ ಹೆಂಡತಿ ಛತ್ರಿ ಹಿಡಿದು ಬಂದು ನೋಡಿ, ಏನೂ ಮಾತಾಡದೆ ಮನೆಗೆ ಹೋದರು. ಅದು ಇನ್ನೂ ಕಣ್ಣಿಂದ ಹೋಗಿಲ್ಲ.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಯಲೇಬೇಕು. ಅದಕ್ಕೆ ಪಿಎಂಪಿ, ಸಿಎಪಿಎಂ ಅನ್ನುವ ಸರ್ಟಿಫಿಕೇಟ್ ಪರೀಕ್ಷೆಗಳಿವೆ ಅಂತ ಹೇಳುತ್ತಾರೆ. ಈಗಲೇ ದುಡ್ಡು ಕಟ್ಟಿ ಸೇರಲಾ? ಅವುಗಳ ಪುಸ್ತಕದಲ್ಲಿರುವ ತತ್ವಗಳು ಆರು ಜನ ಕೂಲಿಯವರಿರುವ ಸೈಟಿಗೆ ಹೊಂದುತ್ತವಾ?

ಉತ್ತರ 1 (ಸಾಗರ, ನಿವೃತ್ತ ಇಂಜಿನಿಯರ್)

ಹೊಂದುತ್ತವೆ. ಆದರೆ ಮೊದಲು ಒಂದು ತಿದ್ದುಪಡಿ: ನೀವು ಬರೆದದ್ದು ತಾರೀಕಿನ ಪಟ್ಟಿ, ಯೋಜನೆ ಅಲ್ಲ. ಯಾವ ಕೆಲಸ ಯಾವುದಕ್ಕೆ ಕಾಯುತ್ತದೆ ಅನ್ನುವುದು ಅದರಲ್ಲಿ ಇರಲಿಲ್ಲ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಡುಪಾಂಟ್ ಮತ್ತು ರೆಮಿಂಗ್ಟನ್ ರಾಂಡ್ ಕಂಪನಿಯವರು ಸೇರಿ ಕ್ರಿಟಿಕಲ್ ಪಾತ್ ಲೆಕ್ಕ ಹುಟ್ಟುಹಾಕಿದ್ದು ಇದಕ್ಕೇ. ಸುಮಾರು ಅದೇ ಹೊತ್ತಿಗೆ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಅನ್ನುವ, ದಿನಗಳನ್ನು ಅಂದಾಜಿಸುವ ಲೆಕ್ಕವನ್ನು ತಂದಿತು. ಎರಡನ್ನೂ ನಿಮ್ಮ ಶೆಡ್ಡಿಗೆ ಹಚ್ಚಿ ತೋರಿಸುತ್ತೇನೆ. ದಿನಗಳು ನನ್ನ ಅಂದಾಜು, ನಿಮ್ಮವನ್ನು ಹಾಕಿಕೊಳ್ಳಿ.

ವೆಲ್ಡಿಂಗ್ ಶಾಪಿನವರನ್ನು "ಎಷ್ಟು ದಿನ?" ಅಂತ ಒಂದೇ ಮಾತು ಕೇಳಬೇಡಿ. ಪರ್ಟ್ ಲೆಕ್ಕದಂತೆ ಮೂರು ಕೇಳಿ. ಎಲ್ಲ ಸರಿಹೋದರೆ 12, ಸಾಮಾನ್ಯವಾಗಿ 18, ಕರೆಂಟು ಕೈಕೊಟ್ಟು ಹುಡುಗರು ಊರಿಗೆ ಹೋದರೆ 36 ಅನ್ನುತ್ತಾರೆ ಅಂದುಕೊಳ್ಳಿ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿ: 20 ದಿನ.

ಈಗ ಮೇ 25ರಿಂದ ಹಿಂದಕ್ಕೆ ಬನ್ನಿ. ಶೀಟಿಗೆ 3, ಟ್ರಸ್ ಏರಿಸಲು 4, ಬಣ್ಣ ಮತ್ತು ಸಾಗಣೆಗೆ 2, ತಯಾರಿಗೆ 20. ಒಟ್ಟು 29 ದಿನ. ಅಂದರೆ ಏಪ್ರಿಲ್ 26ಕ್ಕೆ ಟ್ರಸ್ಸಿನ ಅಂತಿಮ ಅಳತೆ ಶಾಪಿನಲ್ಲಿರಬೇಕು. ಮೇ 18ಕ್ಕೆ ಟ್ರಸ್ ಏರಬೇಕಾದರೆ, ಕ್ಯೂರಿಂಗಿಗೆ (ನೀರುಣಿಸಿ ಗಟ್ಟಿಯಾಗಲು) 14 ದಿನ ಬಿಟ್ಟು, ಕಂಬದ ಕಾಂಕ್ರೀಟ್ ಮೇ 4ಕ್ಕೆ ಮುಗಿಯಬೇಕು. ಒಂದು ದಿನ ಜಾರಿದರೆ ಮಾಡೂ ಒಂದು ದಿನ ಜಾರುತ್ತದೆ ಅನ್ನುವ ಈ ಸರಪಳಿಯೇ ಕ್ರಿಟಿಕಲ್ ಪಾತ್.

ಗೋಡೆ ಈ ಸರಪಳಿಯಲ್ಲಿ ಇಲ್ಲವೇ ಇಲ್ಲ, ನೋಡಿದಿರಾ? ಭಾರ ಹೊರುವುದು ಕಂಬ. ಜಂಬಿಟ್ಟಿಗೆಯನ್ನು ಜುಲೈನಲ್ಲಿ ಮಾಡಿನ ಕೆಳಗೇ ಕಟ್ಟಬಹುದಿತ್ತು, ಗೋದಾಮಿನ ನೆಲವನ್ನೂ ಆಮೇಲೆ ತುಂಬಬಹುದಿತ್ತು. ಮನೆ ಕಟ್ಟಿದ ರೂಢಿಯಲ್ಲಿ ಗೋಡೆ ಮೊದಲು ಎಬ್ಬಿಸಿದ್ದೀರಿ. ನಾನೂ ಸರ್ವಿಸಿನ ಶುರುವಿನಲ್ಲಿ ಮಾಡಿದ ತಪ್ಪೇ ಇದು. ಕಣ್ಣಿಗೆ ಕಾಣುವ ಕೆಲಸ ಓಡುತ್ತಿದ್ದರೆ ಎಲ್ಲವೂ ಓಡುತ್ತಿದೆ ಅನ್ನಿಸಿಬಿಡುತ್ತದೆ.

ಉತ್ತರ 2 (ತೀರ್ಥಹಳ್ಳಿಯವನು, ಈಗ ಬೆಂಗಳೂರು)

ಸರ್ಟಿಫಿಕೇಟಿನ ವಿಷಯ ಹೇಳುತ್ತೇನೆ. ಎರಡನ್ನೂ ಕೊಡುವುದು 1969ರಲ್ಲಿ ಅಮೆರಿಕದಲ್ಲಿ ಶುರುವಾದ ಪಿಎಂಐ ಸಂಸ್ಥೆ. ನಾನು ಪಿಎಂಪಿ ಬರೆದಾಗ 230 ನಿಮಿಷಕ್ಕೆ 180 ಪ್ರಶ್ನೆ, ಅದಕ್ಕೆ ಮೊದಲು 35 ಗಂಟೆಯ ತರಬೇತಿ, ಪದವಿ ಇದ್ದವರಿಗೂ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ಬೇಕಿತ್ತು. ಸಿಎಪಿಎಂಗೆ ಅನುಭವ ಕೇಳುವುದಿಲ್ಲ, 23 ಗಂಟೆಯ ಕಲಿಕೆ ಸಾಕು. ಅವರ ಪಿಎಂಬಿಒಕೆ ಕೈಪಿಡಿಯ ಏಳನೇ ಆವೃತ್ತಿ 2021ರಲ್ಲಿ ಬಂತು, 12 ತತ್ವಗಳ ಸುತ್ತ ಬರೆದದ್ದು. ಓದಿ, ಖಂಡಿತ ಓದಿ. ಆದರೆ ದುಡ್ಡು ಕಟ್ಟುವುದು ಇನ್ನೊಂದು ಸೈಟ್ ಮುಗಿಸಿದ ಮೇಲೆ. ಆಗ ಪ್ರತಿ ಪುಟದಲ್ಲೂ ನಿಮ್ಮದೇ ಕಂಬ ಕಾಣುತ್ತದೆ.

ನಾಳೆಯಿಂದಲೇ ಮಾಡಬಹುದಾದ್ದು ಒಂದಿದೆ. ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಬದಲಾವಣೆಗೆಂದೇ ಇಡಿ. ಯಾರು ಕೇಳಿದರು, ಏನು ಬದಲು, ಯಾರ್‍ಯಾರ ಕೆಲಸಕ್ಕೆ ತಾಗುತ್ತದೆ, ಎಷ್ಟು ದಿನ, ಎಷ್ಟು ಹಣ, ಕೊನೆಗೆ ಮಾಲೀಕರ ಸಹಿ. "ಯಾರ್‍ಯಾರಿಗೆ ತಾಗುತ್ತದೆ" ಅನ್ನುವ ಕಾಲಂ ಏಪ್ರಿಲ್‌ನಲ್ಲಿ ನಿಮ್ಮೆದುರು ಖಾಲಿ ಇದ್ದಿದ್ದರೆ, ಅದನ್ನು ತುಂಬುವಾಗ ವೆಲ್ಡಿಂಗ್ ಶಾಪ್ ನೆನಪಾಗುತ್ತಿತ್ತು.

ಉತ್ತರ 3 (ಕೋಣಂದೂರು, ಅಡಿಕೆ ತೋಟ)

ತಂಗೀ, ನಿನ್ನ ಮನೆಯಲ್ಲೂ ತೋಟ ಇರಬಹುದು. ಕೊಯ್ಲಿನ ಕಾಲದಲ್ಲಿ ಅಮ್ಮನ ಹತ್ತಿರ ಕೂತು ನೋಡು. ಕೊನೆಗೌಡ (ಮರ ಹತ್ತಿ ಅಡಿಕೆ ಗೊನೆ ಇಳಿಸುವವನು) ಬರುವ ದಿನ ಖಾತ್ರಿಯಾಗದೆ ನಾವು ಸುಲಿಯುವವರಿಗೆ ಹೇಳಿ ಕಳಿಸುವುದಿಲ್ಲ. ನಮ್ಮಲ್ಲಿ ಬೇಯಿಸುವ ಹಂಡೆ ಒಂದೇ. ಅದು ಒಂದು ದಿನಕ್ಕೆ ಎಷ್ಟು ತಡೆಯುತ್ತದೋ ಅಷ್ಟೇ ಕೊನೆ ಇಳಿಸುವುದು. ಹೆಚ್ಚು ಇಳಿಸಿದರೆ ಅಂಗಳದಲ್ಲಿ ರಾಶಿ ಬಿದ್ದು ಹಣ್ಣಾಗುತ್ತದೆ, ಅಷ್ಟೆ. ನಿನ್ನ ಸೈಟಿನಲ್ಲಿ ಹಂಡೆ ಯಾವುದು ಅಂತ ಮೊದಲು ಹುಡುಕು.

ಇನ್ನೊಂದು. ಆ ಮನೆಗೆ ಮತ್ತೆ ಹೋಗಿದ್ದೆಯಾ? ಛತ್ರಿ ಹಿಡಿದು ನಿಂತವರು ಅಡಿಕೆ ಸುಲಿಯುವ ಜಾಗ ಆ ಶೆಡ್ಡು. ಕೊಯ್ಲಿಗೆ ಕೂರುವವರು ಅವರೇ.

ಪ್ರಶ್ನೆ ಕೇಳಿದವರಿಂದ

ಸರ್, ಗೋಡೆ ಸರಪಳಿಯಲ್ಲಿಲ್ಲ ಅನ್ನುವುದನ್ನು ಓದಿ ರಾತ್ರಿ ಎದ್ದು ಕ್ಯಾಲೆಂಡರಿನ ಹಿಂಬದಿಯಲ್ಲಿ ಇಡೀ ಶೆಡ್ಡನ್ನು ಮತ್ತೆ ಬರೆದೆ. ನನ್ನ ದಿನಗಳನ್ನು ಹಾಕಿದರೆ ಅಳತೆ ಕೊಡಬೇಕಾದ ಕೊನೆಯ ದಿನ ಏಪ್ರಿಲ್ 22 ಬರುತ್ತದೆ. ಮಾಲೀಕರು ಕಂಬ ಸರಿಸಲು ಹೇಳಿದ್ದು ಏಪ್ರಿಲ್ 17ಕ್ಕೆ. ಐದು ದಿನ ನನ್ನ ಕೈಯಲ್ಲೇ ಇತ್ತು.

ಅಕ್ಕಾ, ಭಾನುವಾರ ಹೋಗಿದ್ದೆ. ತಪ್ಪು ಎಲ್ಲಾಯಿತು ಅಂತ ಕ್ಯಾಲೆಂಡರ್ ಬಿಡಿಸಿಯೇ ಹೇಳಿದೆ. ಮಾಲೀಕರ ಹೆಂಡತಿ ಪೂರ್ತಿ ಕೇಳಿ, ಕಾಫಿ ಕೊಟ್ಟು, "ಸುಲಿಯಲು ಕೂರುವ ಕಡೆ ಒಂದು ಕಿಟಕಿ ಬೇಕಿತ್ತು, ಬೆಳಕು ಸಾಲದು, ಮೊದಲೇ ಹೇಳಬೇಕು ಅಂದುಕೊಂಡಿದ್ದೆ, ಯಾರೂ ಕೇಳಲಿಲ್ಲ" ಅಂದರು. ನೋಟ್‌ಬುಕ್ಕಿನ ಮೊದಲ ಸಾಲು ಅದೇ.