‘ನಾಗರಿಕ ಪತ್ರಿಕೋದ್ಯಮ’: ಈ ಪದ ನಿಮ್ಮ ಕಿವಿಗೆ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕಾಲೇಜು ಮಕ್ಕಳಿಗಾಗಿ ಸಿಟಿಜನ್ ಜರ್ನಲಿಸಂ, ಅಂದರೆ ಪತ್ರಕರ್ತರಲ್ಲದ ಸಾಮಾನ್ಯ ಜನರೇ ಸುದ್ದಿ ಕೊಡುವುದರ ಬಗ್ಗೆ ಒಂದು ಚಿಕ್ಕ ಪಾಠ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಇದಕ್ಕೆ ‘ನಾಗರಿಕ ಪತ್ರಿಕೋದ್ಯಮ’ ಎನ್ನುವುದು ರೂಢಿ. ನಾನೂ ಹಾಗೇ ಶುರು ಮಾಡಿದೆ. ಎರಡು ಪುಟ ಆಗುವಷ್ಟರಲ್ಲಿ ಕೈ ನಿಂತಿತು. ಇಲ್ಲಿ ಪತ್ರಿಕೆಯೂ ಇಲ್ಲ, ಉದ್ಯಮವೂ ಇಲ್ಲ, ಅಲ್ವಾ?

ಛತ್ತೀಸಗಡದ ಸಿಜಿನೆಟ್ ಸ್ವರವನ್ನೇ ನೋಡಿ. 2010ರಲ್ಲಿ ಶುರುವಾದದ್ದು. ಹಳ್ಳಿಯವರು ಒಂದು ನಂಬರಿಗೆ ಫೋನ್ ಮಾಡಿ ಗೊಂಡಿಯಲ್ಲೋ ಹಿಂದಿಯಲ್ಲೋ ತಮ್ಮೂರಿನ ಸಂಗತಿ ಹೇಳುತ್ತಾರೆ. ಅದನ್ನು ಕೆಲವರು ಕೇಳಿ, ವಿಚಾರಿಸಿ, ಆಮೇಲೆ ಎಲ್ಲರಿಗೂ ಕೇಳಿಸುವಂತೆ ಬಿಡುತ್ತಾರೆ. ಫೋನಿನಲ್ಲೇ ಕೇಳಬಹುದು. ಬರೀ ದನಿ. ಇದನ್ನು ಪತ್ರಿಕೆ ಅನ್ನುವುದು ಹೇಗೆ? ‘ನಾಗರಿಕ’ವೂ ಅಷ್ಟೇ. ಅದರೊಳಗೆ ನಗರ ಕೂತಿದೆ. ಸಾಲದ್ದಕ್ಕೆ ಎದುರು ಪದವಾಗಿ ‘ಅನಾಗರಿಕ’ ಎಂಬ ಬೈಗುಳ ಬೇರೆ. ಕಾಡಂಚಿನ ಊರಿನವರಿಗೆ ಈ ಪದ ಹಚ್ಚಲು ನನಗೆ ಮನಸ್ಸು ಬರುತ್ತಿಲ್ಲ. ‘ಪೌರ’ ಎಂದರೆ ನಗರಸಭೆ ನೆನಪಾಗುತ್ತದೆ.

ಪದದ ತೊಡಕಿಗಿಂತ ಅರ್ಥದ ತೊಡಕು ದೊಡ್ಡದು. 2000ದಲ್ಲಿ ದಕ್ಷಿಣ ಕೊರಿಯಾದಲ್ಲಿ ಓಮೈನ್ಯೂಸ್ ಎಂಬ ಸುದ್ದಿ ಜಾಲತಾಣ ಶುರುವಾದಾಗ ‘ಪ್ರತಿಯೊಬ್ಬ ಪ್ರಜೆಯೂ ವರದಿಗಾರ’ ಎಂಬುದೇ ಅದರ ಘೋಷಣೆ. ಆದರೆ ಜನ ಬರೆದದ್ದನ್ನು ನೋಡಿ ತಿದ್ದಲು ಅಲ್ಲಿ ಸಂಪಾದಕರಿದ್ದರು. ಫೇಸ್‌ಬುಕ್, ವಾಟ್ಸಾಪ್‌ನಲ್ಲಿ ಹಾಗೆ ನೋಡಿ ತಿದ್ದುವವರಿಲ್ಲ. ಹಾಗಾದರೆ ಫೋನ್ ಇದ್ದವರೆಲ್ಲ ಪತ್ರಕರ್ತರೇ?

ನಮ್ಮ ಬೀದಿಯಲ್ಲೇ ನಡೆದದ್ದು ಹೇಳುತ್ತೇನೆ. ಒಂದು ರಾತ್ರಿ ಮಳೆಗೆ ಚರಂಡಿ ಉಕ್ಕಿತು. ಎದುರುಮನೆ ಅಕ್ಕ ಮಹಡಿ ಮೆಟ್ಟಿಲಲ್ಲಿ ನಿಂತು ವಿಡಿಯೊ ಮಾಡಿದರು. ಮೊದಲು ತಾರೀಖು, ಗಂಟೆ, ಎಷ್ಟನೇ ಅಡ್ಡರಸ್ತೆ ಎಂದು ಹೇಳಿದರು. ನೀರು ಎರಡನೇ ಮೆಟ್ಟಿಲಿಗೆ ಬಂದದ್ದನ್ನು ಹತ್ತಿರದಿಂದ ತೋರಿಸಿದರು. ಬೆಳಿಗ್ಗೆ ಚರಂಡಿ ತೆಗೆಯಲು ಬಂದವರನ್ನು ‘ಎಲ್ಲಿ ಕಟ್ಟಿದೆ ಅಣ್ಣಾ?’ ಎಂದು ಕೇಳಿ, ಅವರ ಉತ್ತರವನ್ನೂ ಸೇರಿಸಿ ಹಾಕಿದರು. ಮೂರು ತಿಂಗಳ ಮೇಲೆ ಅದೇ ವಿಡಿಯೊ ನನಗೇ ವಾಪಸ್ ಬಂತು. ಅಕ್ಕನ ದನಿ ಇರಲಿಲ್ಲ. ಮೇಲೆ ‘ಈಗಷ್ಟೇ ಬಂದ ಸುದ್ದಿ, ಎಲ್ಲರಿಗೂ ಕಳಿಸಿ’ ಎಂದಿತ್ತು. ಚಿತ್ರ ಒಂದೇ. ಅಕ್ಕ ಮಾಡಿದ್ದು ವರದಿ. ಎರಡನೆಯದು ಸುಮ್ನೆ ದಾಟಿಸಿದ್ದು.

ಈ ದಾಟಿಸುವುದು ಸಣ್ಣ ವಿಷಯವಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂಬ ಗಾಳಿಸುದ್ದಿ ವಾಟ್ಸಾಪ್‌ನಲ್ಲಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಆ ಮೆಸೇಜು ಕಳಿಸಿದವರಲ್ಲೂ ಊರಿಗೆ ಎಚ್ಚರಿಕೆ ಕೊಡುತ್ತಿದ್ದೇವೆ ಎಂದುಕೊಂಡವರು ಇದ್ದಿರಬಹುದು. ಅದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಇನ್ನೊಂದು ಬಗೆಯೂ ಇದೆ. 2020ರ ಮೇನಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪುವರ್ಣೀಯನ ಕತ್ತಿನ ಮೇಲೆ ಮಂಡಿ ಊರಿ ಕೊಂದದ್ದನ್ನು ಚಿತ್ರೀಕರಿಸಿದವಳು 17 ವರ್ಷದ ಡಾರ್ನೆಲ್ಲಾ ಫ್ರೇಜಿಯರ್. ಮರುವರ್ಷ, ಅಮೆರಿಕದಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಗಳನ್ನು ಕೊಡುವ ಪುಲಿಟ್ಜರ್ ಮಂಡಳಿ ಅವಳಿಗೆ ವಿಶೇಷ ಗೌರವ ಕೊಟ್ಟಿತು. ಅವಳು ವರದಿಗಾರ್ತಿಯೋ, ಸಾಕ್ಷಿಯೋ? ನನಗೆ ‘ಸಾಕ್ಷಿ’ಯೇ ಹೆಚ್ಚು ತೂಕದ ಮಾತು ಅನ್ನಿಸುತ್ತದೆ. ಅವಳು ಅಲ್ಲೇ ನಿಂತಳು, ಕೈ ಇಳಿಸಲಿಲ್ಲ.

ಹಾಗಾಗಿ ನಾನು ಯೋಚಿಸಿದ್ದು ಹೀಗೆ. ಕಣ್ಣಾರೆ ಕಂಡು ತೋರಿಸಿದರೆ ‘ಸಾಕ್ಷಿ’. ಕಂಡದ್ದನ್ನು ವಿಚಾರಿಸಿ, ಎಲ್ಲಿ, ಯಾವಾಗ ಎಂದು ಹೇಳಿ, ತಪ್ಪಾದರೆ ತಿದ್ದಿಕೊಳ್ಳಲು ತಯಾರಿದ್ದರೆ ‘ಜನವರದಿ’, ಮಾಡಿದವರು ‘ಜನವರದಿಗಾರರು’. ‘ಬಾತ್ಮಿದಾರ’ ಎಂಬ, ಸುದ್ದಿ ಕೊಡುವವನು ಎಂಬರ್ಥದ ಹಳೆಯ ಪದವೂ ಮನಸ್ಸಿಗೆ ಬಂತು. ಆದರೆ ಪೊಲೀಸರಿಗೆ ಸುಳಿವು ಕೊಡುವವನು ಎಂಬ ಅರ್ಥವೇ ಈಗ ಜಾಸ್ತಿ ಕೇಳಿಸುತ್ತದೆ. ಉತ್ತರ ಕರ್ನಾಟಕದ ಗೆಳೆಯರು ಹೇಳಬೇಕು: ನಿಮ್ಮ ಕಡೆ ‘ಬಾತ್ಮಿ’ ಇನ್ನೂ ಬರೀ ಸುದ್ದಿಯೇನು? ‘ಜನವರದಿ’ ಎಂದರೆ ಜನಗಣತಿ ತರಹದ ಸರ್ಕಾರಿ ವರದಿ ಅನ್ನಿಸುತ್ತದೆಯೇ? ಇದಕ್ಕಿಂತ ಒಳ್ಳೆಯ ಪದ ನಿಮ್ಮ ಬಳಿ ಇದ್ದರೆ, ಅದನ್ನು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.