ಲಕ್ಷದ್ವೀಪಕ್ಕೆ ಜಲ್ಲಿಯೂ ಮಂಗಳೂರಿಂದಲೇ?

ಉಡುಪಿಯವಳು: ಹಳೆ ಬಂದರಿನಲ್ಲಿ ಮಂಜಿಗೆ (ಸರಕು ಸಾಗಿಸುವ ಮರದ ಹಡಗು) ಜಲ್ಲಿ, ಈರುಳ್ಳಿ ತುಂಬುತ್ತಿದ್ದರು. ಲಕ್ಷದ್ವೀಪಕ್ಕಂತೆ. ಅಲ್ಲಿ ಏನೂ ಸಿಗಲ್ವಾ?

ಬಂದರು ರೈಟರ್: ತೆಂಗು, ಮೀನು ಬಿಟ್ಟರೆ ಜಾಸ್ತಿ ಏನಿಲ್ಲ ಮಾರಾಯ್ರೆ. ಇಡೀ ನೆಲ 32 ಚದರ ಕಿ.ಮೀ., ಅದೂ ಹವಳದ ಮರಳು. ಕಲ್ಲು ಎಲ್ಲಿಂದ ಬರಬೇಕು? 36 ದ್ವೀಪದಲ್ಲಿ ಜನ ಇರುವುದು 10ರಲ್ಲಿ. ನಾನು ಲೋಡಿನ ಲೆಕ್ಕ ಬರೆಯುವವ. ಜಲ್ಲಿ ಕೆಳಗೆ, ತರಕಾರಿ ಮೇಲೆ, ಅದರ ಮೇಲೆ ಟಾರ್ಪಾಲು. ಮಳೆಗಾಲದಲ್ಲಿ ಮಂಜಿ ಬಂದ್. ಅಲ್ಲಿಂದ ಕೊಬ್ಬರಿ ಬರುತ್ತದೆ. ಮಿನಿಕಾಯ್‌ನ ಒಣ ಟ್ಯೂನಾ ನೋಡಿದ್ದೀರಾ? ಕಲ್ಲಿನಷ್ಟು ಗಟ್ಟಿ!

ಕುಂದಾಪುರ ಮೇಷ್ಟ್ರು: 1956ರವರೆಗೆ ಅಮಿನಿ, ಕಡಮತ್, ಕಿಲ್ತಾನ್ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಈಗ ಕೇಂದ್ರಾಡಳಿತ, ರಾಜಧಾನಿ ಕವರತ್ತಿ. ವಿಧಾನಸಭೆ ಇಲ್ಲ, ಸಂಸದ ಒಬ್ಬರೇ. ಹೈಕೋರ್ಟ್ ಕೇರಳದ್ದು.

ಉಡುಪಿಯವಳು: ಸುಮ್ನೆ ಮಂಜಿ ಹತ್ತಿ ಹೋಗಬಹುದಾ?

ಬಂದರು ರೈಟರ್: ಪರ್ಮಿಟ್ ಬೇಕು ತಂಗಿ.