ಅಡಿಕೆ ಮಂಡಿಯಲ್ಲಿ ಲೋ-ಕೋಡ್ ಸಾಧನಗಳು: ತೂಕದ ಚೀಟಿಯಿಂದ ಲೆಕ್ಕತೀರುವಳಿಯವರೆಗೆ

ಪ್ರಶ್ನೆ (ಅಡಿಕೆ ಮಂಡಿಯ ವ್ಯವಸ್ಥಾಪಕರು, ತೀರ್ಥಹಳ್ಳಿ):

ಮಾನ್ಯರೇ, ನಮ್ಮ ಮಂಡಿಗೆ ಬರುವ ಅಡಿಕೆಯ ತೂಕವನ್ನು ಕಾಟಾದ ಬಳಿ ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ. ಅದೇ ಅಂಕಿಯನ್ನು ಲಾಟ್ ಪುಸ್ತಕಕ್ಕೆ, ಟೆಂಡರ್ ಮುಗಿದ ಮೇಲೆ ಲೆಕ್ಕತೀರುವಳಿ ಪಟ್ಟಿಗೆ, ಕೊನೆಗೆ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಪುನಃ ಬರೆಯಬೇಕಾಗುತ್ತದೆ. ಸುಗ್ಗಿಯಲ್ಲಿ ರೈತರು ಪಟ್ಟಿಗಾಗಿ ಸಂಜೆಯವರೆಗೆ ಕಾಯುತ್ತಾರೆ. ಪ್ರೋಗ್ರಾಮಿಂಗ್ ತಿಳಿಯದ ನಾವು, ಕೋಡ್ ಬರೆಯದೆಯೇ ಅಥವಾ ಸ್ವಲ್ಪವೇ ಬರೆದು ಆಪ್ ಕಟ್ಟಲು ನೆರವಾಗುವ ಲೋ-ಕೋಡ್ ಸಾಧನಗಳಿಂದ ಇದನ್ನು ಸರಿಪಡಿಸಿಕೊಳ್ಳಬಹುದೇ? ಮಳೆ ಜೋರಾದರೆ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ.

ಉತ್ತರ (ಸಾಫ್ಟ್‌ವೇರ್ ಸಲಹೆಗಾರರು, ಶಿವಮೊಗ್ಗ):

ನಮಸ್ಕಾರ. ಖಂಡಿತ ಸಾಧ್ಯವಿದೆ. ನಿಮ್ಮಲ್ಲಿ ಒಂದೇ ಅಂಕಿ ನಾಲ್ಕು ಕಡೆ ಕೈಬರಹಕ್ಕೆ ಇಳಿಯುತ್ತಿದೆ. ವಿಳಂಬವೂ ತಪ್ಪೂ ಹುಟ್ಟುವುದು ಅಲ್ಲಿಯೇ. ಆದ್ದರಿಂದ ಕಾಟಾದ ಬಳಿ ಒಮ್ಮೆ ದಾಖಲಾದ ತೂಕವನ್ನು ಮುಂದೆ ಯಾರೂ ಪುನಃ ಬರೆಯಬಾರದು ಎಂಬ ನಿಯಮವನ್ನು ಮೊದಲು ಒಪ್ಪಿಕೊಳ್ಳಿ. ಸಾಧನದ ಆಯ್ಕೆ ಅದರ ನಂತರದ ಮಾತು.

ನಿಮ್ಮ ಅಗತ್ಯಕ್ಕೆ ಗೂಗಲ್‌ನ ಆಪ್‌ಶೀಟ್ ಹೊಂದುತ್ತದೆ. ಗೂಗಲ್ 2020ರಲ್ಲಿ ಖರೀದಿಸಿದ ಈ ಸಾಧನವು ಗೂಗಲ್ ಶೀಟ್‌ನಲ್ಲಿರುವ ಕೋಷ್ಟಕವನ್ನು ಆಧಾರವಾಗಿಟ್ಟುಕೊಂಡು ಮೊಬೈಲ್ ಆಪ್ ರೂಪಿಸುತ್ತದೆ. ಆಫ್‌ಲೈನ್ ಬಳಕೆಯ ಆಯ್ಕೆಯನ್ನು ಚಾಲೂ ಮಾಡಿ, ನೆಟ್‌ವರ್ಕ್ ಇರುವಾಗ ಒಮ್ಮೆ ಆಪ್ ತೆರೆದಿಟ್ಟರೆ, ಸಂಪರ್ಕ ಕಡಿದಾಗ ತುಂಬಿಸಿದ ನಮೂದುಗಳು ಮೊಬೈಲ್‌ನಲ್ಲೇ ಸರದಿಯಲ್ಲಿ ಉಳಿದು, ಸಂಪರ್ಕ ಬಂದ ಮೇಲೆ ಶೀಟ್‌ಗೆ ಸೇರುತ್ತವೆ.

ರೈತರು, ಲಾಟ್‌ಗಳು, ಪಟ್ಟಿಗಳು ಎಂದು ಮೂರು ಕೋಷ್ಟಕಗಳು ಸಾಕು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿರುವುದರಿಂದ ರೈತರನ್ನು ಹೆಸರಿನಿಂದಲ್ಲದೆ ಖಾತೆ ಸಂಖ್ಯೆಯಿಂದ ಗುರುತಿಸಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ದರ್ಜೆಗಳನ್ನು ಬೆರಳಿನಿಂದ ಟೈಪ್ ಮಾಡಲು ಬಿಡದೆ ಆಯ್ಕೆಪಟ್ಟಿಯಲ್ಲಿ ಇಡಿ. ಸರಕಿಗೂ ಗೊರಬಲಿಗೂ ಇರುವ ದರದ ಅಂತರವನ್ನು ನೆನೆದರೆ ಒಂದು ತಪ್ಪು ನಮೂದು ರೈತರಿಗೆ ಎಷ್ಟು ದುಬಾರಿಯಾಗಬಲ್ಲದೆಂಬುದು ನಿಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ನಿಮ್ಮಲ್ಲಿ ಎರಡು ಕಾಟಾಗಳಿದ್ದು, ಎರಡೂ ಮೊಬೈಲ್‌ಗಳು ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುತ್ತಿವೆ ಎಂದುಕೊಳ್ಳಿ. ‘ಕೊನೆಯ ಲಾಟ್ ಸಂಖ್ಯೆಗೆ ಒಂದು ಕೂಡಿಸು’ ಎಂಬ ಸೂತ್ರವಿದ್ದರೆ ಎರಡು ಮೊಬೈಲ್‌ಗಳೂ ಬೇರೆ ಬೇರೆ ರೈತರ ಅಡಿಕೆಗೆ 245 ಎಂಬ ಒಂದೇ ಸಂಖ್ಯೆಯನ್ನು ಕೊಡುತ್ತವೆ; ಸಂಪರ್ಕ ಬಂದಾಗ ಗೊಂದಲ ಶುರುವಾಗುತ್ತದೆ. ಆದ್ದರಿಂದ ಒಳಗಿನ ಗುರುತಿಗೆ ಪ್ರತಿ ಸಾಲಿಗೂ ಬೇರೆಯದೇ ಆದ ಗುರುತನ್ನು ಕೊಡುವ ಆಪ್‌ಶೀಟ್‌ನ ಯುನೀಕ್ಐಡಿ ಸೂತ್ರವನ್ನು ಬಳಸಿ, ಚೀಟಿಯಲ್ಲಿ ಕಾಣುವ ಸಂಖ್ಯೆಗೆ ಕಾಟಾದ ಅಕ್ಷರವನ್ನು ಸೇರಿಸಿ ಅ-245, ಬ-245 ಎಂದು ಬೇರ್ಪಡಿಸಿ.

ಟೆಂಡರ್ ಮುಗಿದ ಮೇಲೆ ದರವನ್ನು ತುಂಬಿಸಿ ‘ಅನುಮೋದಿತ’ ಎಂದು ಗುರುತಿಸುವ ಅಧಿಕಾರ ನಿಮ್ಮ ಕೈಯಲ್ಲೇ ಇರಲಿ. ಇದನ್ನು ಯಂತ್ರಕ್ಕೆ ಬಿಟ್ಟುಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ನೀವು ಅನುಮೋದಿಸಿದ ಕ್ಷಣದಲ್ಲಿ ಹಮಾಲಿಯನ್ನೂ ಮುಂಗಡವನ್ನೂ ಕಳೆದು, ಮೊದಲೇ ಸಿದ್ಧಪಡಿಸಿದ ಗೂಗಲ್ ಡಾಕ್ಸ್ ಮಾದರಿಯಲ್ಲಿ ಪಟ್ಟಿಯ ಪಿಡಿಎಫ್ ತಯಾರಿಸುವ ಕೆಲಸವನ್ನು ಆಪ್‌ಶೀಟ್‌ನ ಬಾಟ್, ಅಂದರೆ ಕೊಟ್ಟ ಷರತ್ತು ಪೂರೈಸಿದಾಗ ತಾನಾಗಿಯೇ ನಡೆಯುವ ವ್ಯವಸ್ಥೆ, ಮಾಡುತ್ತದೆ. ಬಾಟ್‌ಗೆ ಕೊಡುವ ಷರತ್ತು ‘ಸ್ಥಿತಿ ಅನುಮೋದಿತವಾಗಿದ್ದರೆ’ ಎಂದಷ್ಟೇ ಇದ್ದರೆ, ಆ ಸಾಲಿನಲ್ಲಿ ಫೋನ್ ನಂಬರ್ ತಿದ್ದಿದರೂ ಇನ್ನೊಂದು ಪಟ್ಟಿ ಹೊರಡುತ್ತದೆ. ‘ಮೊದಲು ಅನುಮೋದಿತವಾಗಿರಲಿಲ್ಲ, ಈಗ ಆಗಿದೆ’ ಎಂದು ಎರಡೂ ಸ್ಥಿತಿಗಳನ್ನು ಹೋಲಿಸುವಂತೆ ಷರತ್ತನ್ನು ಬರೆಯಿರಿ.

ಟ್ಯಾಲಿಪ್ರೈಮ್ 4.0 ಅಥವಾ ನಂತರದ ಆವೃತ್ತಿ ಇದ್ದರೆ ದಿನದ ಪಟ್ಟಿಗಳನ್ನು ಎಕ್ಸೆಲ್ ಕಡತದಿಂದಲೇ ಆಮದು ಮಾಡಿಕೊಳ್ಳಬಹುದು.

ಮರುಪ್ರಶ್ನೆ (ಸಹಕಾರ ಸಂಘದ ಗುಮಾಸ್ತರು, ಸಾಗರ):

ಪಟ್ಟಿಯನ್ನು ರೈತರ ವಾಟ್ಸಾಪ್‌ಗೆ ತಾನಾಗಿಯೇ ಹೋಗುವಂತೆ ಮಾಡಬಹುದೇ? ಬ್ರೌಸರ್‌ಗೆ ಸೇರಿಸುವ ಒಂದು ಉಚಿತ ಎಕ್ಸ್‌ಟೆನ್ಷನ್‌ನಿಂದ ಸಾಧ್ಯವೆಂದು ಪರಿಚಿತರೊಬ್ಬರು ಹೇಳಿದರು. ಇದಕ್ಕೆ ಒಂದು ಆಪ್‌ನಿಂದ ಇನ್ನೊಂದಕ್ಕೆ ಮಾಹಿತಿಯನ್ನು ತಾನಾಗಿ ಸಾಗಿಸುವ ಝೇಪಿಯರ್, ಎನ್8ಎನ್ ಮುಂತಾದವು ಬೇಕಾಗುತ್ತವೆಯೇ?

ಉತ್ತರ:

ದಯವಿಟ್ಟು ಆ ಎಕ್ಸ್‌ಟೆನ್ಷನ್ ಬಳಸಬೇಡಿ. ಅನಧಿಕೃತ ದಾರಿಯಿಂದ ಸಾಮೂಹಿಕವಾಗಿ ಸಂದೇಶ ಕಳುಹಿಸುವ ನಂಬರನ್ನು ವಾಟ್ಸಾಪ್ ನಿರ್ಬಂಧಿಸಬಹುದು. ರೈತರೆಲ್ಲರ ಬಳಿ ಇರುವ ಸಂಘದ ನಂಬರನ್ನೇ ಸುಗ್ಗಿಯ ನಡುವೆ ಕಳೆದುಕೊಂಡರೆ ಅದರ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟ. ಅಧಿಕೃತ ವಾಟ್ಸಾಪ್ ಬಿಸಿನೆಸ್ ವ್ಯವಸ್ಥೆಯಲ್ಲಿ ಸಂಸ್ಥೆಯೇ ಮೊದಲಾಗಿ ಕಳುಹಿಸುವ ಸಂದೇಶದ ಮಾದರಿಗೆ ಮುಂಚಿತವಾಗಿ ಒಪ್ಪಿಗೆ ಪಡೆಯಬೇಕು, ಶುಲ್ಕವೂ ಇದೆ. ಎಸ್‌ಎಂಎಸ್ ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ಕಳುಹಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಎಲ್ಲ ರೈತರ ಬಳಿ ಸ್ಮಾರ್ಟ್‌ಫೋನ್ ಇಲ್ಲದಿರುವುದರಿಂದ ನಾನು ಎಸ್‌ಎಂಎಸ್ ಅನ್ನೇ ಮೊದಲು ಆರಿಸುತ್ತೇನೆ.

ಝೇಪಿಯರ್ ಯಶಸ್ವಿಯಾಗಿ ನಡೆದ ಪ್ರತಿ ಕ್ರಿಯೆಯನ್ನೂ ಒಂದು ಕೆಲಸವೆಂದು ಎಣಿಸಿ ಶುಲ್ಕ ವಿಧಿಸುವುದರಿಂದ ಸುಗ್ಗಿಯ ತಿಂಗಳುಗಳಲ್ಲಿ ಬಿಲ್ ಏರುತ್ತದೆ. ಎನ್8ಎನ್ ಅನ್ನು ಸ್ವಂತ ಸರ್ವರ್‌ನಲ್ಲಿ ಉಚಿತವಾಗಿ ನಡೆಸಬಹುದು. ಆದರೆ ಆ ಸರ್ವರ್ ಅನ್ನು ನೋಡಿಕೊಳ್ಳುವವರು ಸಂಘದಲ್ಲಿ ಇಲ್ಲದಿದ್ದರೆ ಅದು ಬೇಡ.

ಮರುಪ್ರಶ್ನೆ (ತೀರ್ಥಹಳ್ಳಿಯವರೇ):

ನಮ್ಮಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಹುಡುಗನಿದ್ದಾನೆ. ಅವನ ಜಿಮೇಲ್‌ನಲ್ಲಿಯೇ ಎಲ್ಲವನ್ನೂ ಆರಂಭಿಸಬಹುದೇ? ಹಳೆಯ ಚೀಟಿ ಪುಸ್ತಕವನ್ನು ಎಂದಿನಿಂದ ನಿಲ್ಲಿಸಬಹುದು?

ಉತ್ತರ:

ಆಪ್ ಕಟ್ಟುವ ಕೆಲಸವನ್ನು ಅವರಿಗೇ ಕೊಡಿ, ಆದರೆ ಖಾತೆ ಮಂಡಿಯ ಹೆಸರಿನಲ್ಲಿರಲಿ. ಅವರು ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ನಿಮ್ಮ ಲೆಕ್ಕಪತ್ರವೂ ಅವರ ಜಿಮೇಲ್‌ನೊಂದಿಗೆ ಹೋಗಬಾರದು. ಪಾಸ್‌ವರ್ಡ್ ಬದಲಾಯಿಸಲು ಬೇಕಾಗುವ ಫೋನ್ ನಂಬರೂ ಮಂಡಿಯದ್ದೇ ಆಗಿರಬೇಕು, ಬಾಟ್‌ನ ಷರತ್ತುಗಳನ್ನು ಸರಳ ಕನ್ನಡದಲ್ಲಿ ಒಂದು ಪುಟ ಬರೆಸಿಟ್ಟುಕೊಳ್ಳಬೇಕು. ರೈತರ ಬ್ಯಾಂಕ್ ವಿವರಗಳ ಕೋಷ್ಟಕವನ್ನು ಕಾಟಾದವರಿಗೆ ಕಾಣದಂತೆ ಪ್ರತ್ಯೇಕ ಶೀಟ್‌ನಲ್ಲಿಡಿ. ಆಧಾರ್ ಚಿತ್ರಗಳನ್ನಂತೂ ಅನಗತ್ಯವಾಗಿ ಸಂಗ್ರಹಿಸಬೇಡಿ.

ಚೀಟಿ ಪುಸ್ತಕವನ್ನು ಒಮ್ಮೆಲೇ ನಿಲ್ಲಿಸಬೇಡಿ. ಮೊದಲು ಒಂದು ಕಾಟಾದಲ್ಲಿ ಮಾತ್ರ ಚೀಟಿಯನ್ನೂ ಆಪ್ ಅನ್ನೂ ಜೊತೆಯಾಗಿ ನಡೆಸಿ, ಪ್ರತಿ ಸಂಜೆ ಲಾಟ್‌ಗಳ ಸಂಖ್ಯೆ, ಚೀಲಗಳ ಸಂಖ್ಯೆ, ಒಟ್ಟು ತೂಕ ಈ ಮೂರನ್ನೂ ತಾಳೆ ನೋಡಿ. ವ್ಯತ್ಯಾಸ ಬಂದರೆ ಅಂದೇ ಕಾರಣ ಹುಡುಕಿ, ಏಕೆಂದರೆ ಮರುದಿನ ಆ ಅಡಿಕೆ ಮಂಡಿಯಲ್ಲಿ ಇರುವುದಿಲ್ಲ. ಸತತವಾಗಿ ಎರಡು ವಾರ ಮೂರೂ ಅಂಕಿಗಳು ಹೊಂದಿಕೆಯಾದರೆ ಎರಡನೆಯ ಕಾಟಾಕ್ಕೆ ವಿಸ್ತರಿಸಿ. ಕರೆಂಟ್ ಹೋಗಿ ಮೊಬೈಲ್‌ನ ಚಾರ್ಜೂ ಮುಗಿದ ದಿನಕ್ಕೆಂದು ಸಂಖ್ಯೆ ಮುದ್ರಿಸಿದ ಒಂದು ಚೀಟಿ ಪುಸ್ತಕವನ್ನು ಪ್ರತಿ ಕಾಟಾದ ಬಳಿ ಯಾವಾಗಲೂ ಇಟ್ಟಿರಿ.